ಟ್ರಾಕ್ಟರಿನ ತವರುಮನೆ

ಈ ಸಭೆಯ ಅಧ್ಯಕ್ಷರೂ, ನಮ್ಮ ಸಹಕಾರ ಸಂಘದ ಅಧ್ಯಕ್ಷರೂ, ನಾನು ಬಾಯಿ ಬಿಟ್ಟರೆ ಸಾಕು ಅದಕ್ಕೆ ಎದುರು ಮಾತಾಡುವುದನ್ನು ಚಿಕ್ಕಂದಿನಿಂದ ವ್ರತದ ಹಾಗೆ ನಡೆಸಿಕೊಂಡು ಬಂದಿರುವವರೂ ಆದ ಶ್ರೀ ಮಹದೇವಸ್ವಾಮಿಯವರೇ, ಕೃಷಿ ಇಲಾಖೆಯಿಂದ ಮುಖ್ಯ ಅತಿಥಿಗಳಾಗಿ ಬಂದಿರುವ ಮೇಡಂ ಅವರೇ, ಸಂಘದ ಹಳೆಯ ಮತ್ತು ಹೊಸ ನಿರ್ದೇಶಕರೇ, ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮವ್ವ ಬೀರಮ್ಮನವರೇ, ಕಿಕ್ಕೇರಿ ಹೋಬಳಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಊಟಕ್ಕೆ ಎಲೆ ಹಾಕಿದರೋ ಇಲ್ಲವೋ ಎಂದು ಆಗಲೇ ಹಿಂದೆ ತಿರುಗಿ ನೋಡುತ್ತಿರುವ ಸಭಿಕರೇ, ನಿಮಗೆಲ್ಲ ನನ್ನ ನಮಸ್ಕಾರ.

ಇವತ್ತು ಸಂಘದ ವಾರ್ಷಿಕೋತ್ಸವ. ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಮೊಟ್ಟಮೊದಲು ಬಂದ ಟ್ರಾಕ್ಟರಿಗೂ ಅದನ್ನು ಇಷ್ಟು ಕಾಲ ಬಾಳಿಸಿದ ಮನೆಗೂ ಸನ್ಮಾನ ಮಾಡಬೇಕು ಎಂದು ಸಂಘ ತೀರ್ಮಾನಿಸಿದೆ. ಹೊರಗೆ ಶಾಮಿಯಾನದ ಕೆಳಗೆ ನಿಂತಿದೆಯಲ್ಲ, ಅದೇ ಆ ಟ್ರಾಕ್ಟರು. ಲಾರಿಯ ಮೇಲೆ ಏರಿಸಿಕೊಂಡು ತಂದದ್ದಲ್ಲ ಸ್ವಾಮಿ, ನಮ್ಮೂರಿಂದ ಕಿಕ್ಕೇರಿಗೆ ತಾನೇ ಓಡಿಕೊಂಡು ಬಂದಿದೆ. ನಾನು ಓಡಿಸಿದೆ, ನಮ್ಮವ್ವ ಮಡ್‌ಗಾರ್ಡಿನ ಮೇಲೆ ಕೂತಿದ್ದರು. ದಾರಿಯುದ್ದಕ್ಕೂ 'ಗೇರು ಅಂಗೆ ಆಕ್ಬ್ಯಾಡ ಕಣ್ಲಾ, ಅದುಕ್ಕೂ ನೋವಾಯ್ತದೆ' ಎಂದು ನನ್ನ ತಲೆಗೆ ಮೊಟಕುತ್ತಲೇ ಬಂದರು. ನಾನು ಮೊಮ್ಮಗ ಕಂಡಿರುವ ಮನುಷ್ಯ. ನಡುರಸ್ತೆಯಲ್ಲಿ ತಾಯಿಯಿಂದ ಮೊಟಕಿಸಿಕೊಂಡು ಬರುವ ಭಾಗ್ಯ ಈ ವಯಸ್ಸಿನಲ್ಲಿ ಎಷ್ಟು ಜನಕ್ಕಿದೆ?

ನನ್ನನ್ನು ಹೊಸಬರಿಗೆ ಪರಿಚಯ ಮಾಡಿಕೊಡಬೇಕು. ನನ್ನ ಹೆಸರು ಕೃಷ್ಣ. ಆ ಹೆಸರು ಹಿಡಿದು ನಮ್ಮೂರಲ್ಲಿ ವಿಚಾರಿಸಿದರೆ ಯಾರೂ ಮನೆ ತೋರಿಸುವುದಿಲ್ಲ. ರಷ್ಯಾ ಕಿಟ್ಟಿ ಎನ್ನಬೇಕು. ನಮ್ಮಪ್ಪ ರಷ್ಯಾ ನಿಂಗಯ್ಯ, ನಮ್ಮದು ರಷ್ಯಾದವರ ಮನೆ. ನಮ್ಮ ಹೊಲಕ್ಕೆ ರಷ್ಯಾ ಹೊಲ ಎಂದೇ ಹೆಸರು. ಎಲ್ಲಕ್ಕೂ ಕಾರಣ ಹೊರಗೆ ನಿಂತಿರುವ ಅದೇ.

ಈಗ ಮೇಡಂ ಅವರ ಮುಂದಿನ ಮೇಜಿನ ಮೇಲೆ ಒಂದು ಚೆಂಡುಹೂವಿನ ಹಾರ ಇದೆ. ಆಳುದ್ದ ಇದೆ, ಕೆ.ಆರ್. ಪೇಟೆಯಿಂದ ತರಿಸಿದ್ದಾರೆ. ನನ್ನ ಮಾತು ಮುಗಿದ ಮೇಲೆ ಮೇಡಂ ಅವರು ಹೊರಗೆ ಹೋಗಿ ಅದನ್ನು ಟ್ರಾಕ್ಟರಿಗೆ ಹಾಕಬೇಕು ಎಂದು ಕಾರ್ಯಕ್ರಮದಲ್ಲಿದೆ. ಹಾರ ತರಿಸಿದ ಹೊಸ ನಿರ್ದೇಶಕರಿಗೆ ನಮ್ಮ ಮನೆಯ ಸಂಗತಿ ಗೊತ್ತಿಲ್ಲ, ಅವರದೇನೂ ತಪ್ಪಿಲ್ಲ. ಗೊತ್ತಿರುವ ಅಧ್ಯಕ್ಷರು ಬೆಳಿಗ್ಗೆ ಹಾರ ನೋಡಿದವರೇ ನನ್ನನ್ನು ಪಕ್ಕಕ್ಕೆ ಕರೆದು, 'ನೀನೇ ಏಳ್ಬುಡ್ಲಾ, ನನ್ ಕೈಲಾಗಕಿಲ್ಲ' ಅಂದರು. ನನ್ನ ಎದುರು ಇವರಿಗೆ ಮಾತು ಬಾರದೆ ಹೋದದ್ದು ಇದೇ ಮೊದಲು! ಅದಕ್ಕೇ ಆ ಹಾರದ ವಿಷಯವನ್ನು ನಾನು ಹೇಳಬೇಕಾಗಿದೆ. ಸೀದಾ ಹೇಳಿದರೆ ಅಹಂಕಾರ ಅಂದುಕೊಳ್ಳುತ್ತೀರಿ. ಮೊದಲಿಂದ ಹೇಳುತ್ತೇನೆ. ಸಾರು ಆರಿದರೆ ಮತ್ತೆ ಕಾಯಿಸೋಣ.

ನಮ್ಮವ್ವ ಹೊಸಹೊಳಲಿನ ಹೆಣ್ಣುಮಗಳು. ಅವರು ಮದುವೆಯಾಗಿ ಈ ಮನೆಗೆ ಬಂದ ಬೇಸಿಗೆಯಲ್ಲೇ ಟ್ರಾಕ್ಟರೂ ಬಂತು. ಅವ್ವ ಬಂದದ್ದು ಎತ್ತಿನ ಗಾಡಿಯಲ್ಲಿ. ಟ್ರಾಕ್ಟರು ಬಂದದ್ದು ಹಡಗಿನಲ್ಲಿ, ಆಮೇಲೆ ರೈಲಿನಲ್ಲಿ. ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ನಮ್ಮಪ್ಪ ಅಲ್ಲಿಂದ ಓಡಿಸಿಕೊಂಡು ಬಂದರಂತೆ. ಯಾವ ಊರು ದಾಟಿದರೂ ಮಕ್ಕಳು ಐಕಳೆಲ್ಲ ಹಿಂದೆ ಓಟ. ಎಮ್ಮೆಗಳು ಹಗ್ಗ ಕಿತ್ತುಕೊಂಡು ಇನ್ನೊಂದು ಕಡೆಗೆ ಓಟ. ಯಾವ ದೇಶದ್ದು ಎಂದು ಕೇಳಿದವರಿಗೆಲ್ಲ ಅಪ್ಪ ಹೇಳಿದ್ದು ಒಂದೇ ಮಾತು, ರಷ್ಯಾದ್ದು. ಆಗ ಅಲ್ಲೆಲ್ಲ ಸೋವಿಯತ್ ಎಂಬ ಒಂದೇ ದೊಡ್ಡ ದೇಶ. ಅದರೊಳಗೆ ಯಾವ್ಯಾವ ಸೀಮೆ ಇದೆ, ಯಾವ್ಯಾವ ಜನ ಇದ್ದಾರೆ, ನಮಗೇನು ಗೊತ್ತು? ನಮ್ಮ ಕಡೆ ಎಲ್ಲಕ್ಕೂ ಸೇರಿ ರಷ್ಯಾ ಎಂದುಬಿಟ್ಟೆವು.

ಮನೆ ಬಾಗಿಲಿಗೆ ಬಂದರೆ ನಮ್ಮಜ್ಜಿ ದೊಡ್ಡತಾಯಮ್ಮ ಅಡ್ಡ ನಿಂತರು. 'ಮನೇಗ್ ಬರೋ ಎಣ್ಣು ಸೇರು ಒದೀದೆ ಒಳೀಕ್ ಬರಂಗಿಲ್ಲ' ಅಂದರು. 'ಅವ್ವಾ, ಇದು ಮಿಷನ್ನು ಕಣವ್ವ' ಎಂದು ಅಪ್ಪ ಬೇಡಿಕೊಂಡರೂ ಕೇಳಲಿಲ್ಲ. ಹಿಂದಿನ ತಿಂಗಳಷ್ಟೇ ನಮ್ಮವ್ವ ಒದ್ದು ಬಂದಿದ್ದ ಸೇರಿಗೆ ಮತ್ತೆ ಅಕ್ಕಿ ತುಂಬಿ ಮುಂದಿನ ಚಕ್ರದ ಎದುರು ಇಟ್ಟರು. ಆರತಿ ಎತ್ತಿದರು. ಅಪ್ಪ ಮೆಲ್ಲಗೆ ಬಿಟ್ಟರು. ಸೊಸೆ ಒದ್ದರೆ ಸೇರು ಉರುಳುತ್ತದೆ, ಇವಳು ಒದ್ದದ್ದಕ್ಕೆ ಚಪ್ಪಟೆಯಾಗಿ ಹೋಯಿತು. ಆ ಚಪ್ಪಟೆ ಸೇರು ಇವತ್ತಿಗೂ ನಮ್ಮ ದೇವರ ಗೂಡಿನಲ್ಲಿದೆ. ಯಾರಾದರೂ ಬನ್ನಿ, ತೋರಿಸುತ್ತೇನೆ. ಸೇರು ಒದ್ದು ಮನೆ ತುಂಬಿದ ಟ್ರಾಕ್ಟರು ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಿದ್ದರೆ ಹೇಳಿ, ಸಂಘ ನನಗೆ ಹೊದಿಸಿದ ಈ ಶಾಲು ಅವರಿಗೇ ಹೊದಿಸಿಬಿಡುತ್ತೇನೆ!

ಅಂದಿನಿಂದ ನಮ್ಮವ್ವನಿಗೆ ಅದು ಓರಗಿತ್ತಿ. ತಮಾಷೆಗೆ ಹೇಳುತ್ತಿಲ್ಲ. ಗೌರಿ ಹಬ್ಬಕ್ಕೆ ಹೊಸಹೊಳಲಿನಿಂದ ಸೋದರಮಾವ ಬಾಗಿನ ತರುತ್ತಿದ್ದರು. ಅವ್ವ ಅದರಲ್ಲಿ ಅರ್ಧ ತೆಗೆದು, ಅರಿಶಿನ, ಕುಂಕುಮ, ಬಳೆ, ಒಂದು ಹಿಡಿ ಅಕ್ಕಿ ಸಮೇತ ಟ್ರಾಕ್ಟರಿನ ಬಾನೆಟ್ಟಿನ ಮೇಲೆ ಇಟ್ಟು ಬರುತ್ತಿದ್ದರು. ಯಾಕವ್ವ ಎಂದರೆ, 'ನಂಗಾದ್ರೆ ಅಣ್ಣ ಬತ್ತಾನೆ. ಇವಳ ತವರು ಸಮುದ್ರದಾಚೆ ಅದೆ. ಹಬ್ಬ ಅಂತ ಯಾರ್ ಬತ್ತಾರ್ಲಾ ಪಾಪ' ಅನ್ನುತ್ತಿದ್ದರು. ನಾನಾಗ ಚಿಕ್ಕವನು. ಟ್ರಾಕ್ಟರಿಗೂ ತವರುಮನೆ ಇರುತ್ತದೆ ಎಂದು ನಿಜವಾಗಿಯೂ ನಂಬಿದ್ದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಗದ್ದೆಗೆ ನೀರು ಬಿಟ್ಟಿದ್ದ ಕಾಲ. ಉಳುವವರು ಯಾರು? ನೆಂಟರೆಲ್ಲ ತಲೆಗೊಂದು ಮಾತಾಡುತ್ತ ಕೂತಿದ್ದರು. ತಿಥಿ ಕಳೆದ ಮಾರನೆಯ ದಿನ ನಮ್ಮವ್ವ ಸೆರಗು ಬಿಗಿದು ಸೀಟಿನ ಮೇಲೆ ಹತ್ತಿ ಕೂತರು. ಅಪ್ಪ ಓಡಿಸುವುದನ್ನು ನೋಡಿ ನೋಡಿ ಕಲಿತಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಮೊದಲನೆಯ ದಿನ ಬದು ಹಾರಿಸಿ ಪಕ್ಕದವರ ಗದ್ದೆಯನ್ನೂ ಒಂದಷ್ಟು ಉತ್ತುಬಿಟ್ಟರು. ಆ ಪಕ್ಕದ ಗದ್ದೆ ಯಾರದ್ದು? ನಮ್ಮ ಅಧ್ಯಕ್ಷರ ತಂದೆಯವರದು! ಅವರು ಜಗಳಕ್ಕೆ ಬಂದವರು, ಅವ್ವ ಕೂತಿದ್ದ ಠೀವಿ ನೋಡಿ, 'ಮಿಕ್ಕಿದ್ದೂ ಉತ್ತಾಕ್ಬುಡು ಕಣವ್ವ' ಎಂದು ಹೇಳಿ ವಾಪಸು ಹೋದರು. ಆಮೇಲೆ ವರ್ಷಗಟ್ಟಲೆ ಅರ್ಧ ಊರನ್ನು ಉತ್ತದ್ದು ನಮ್ಮವ್ವ. ನನ್ನನ್ನು ಓದಿಸಿದ್ದು, ನನ್ನ ತಂಗಿಯ ಮದುವೆ ಮಾಡಿದ್ದು ಈ ಇಬ್ಬರು ಹೆಂಗಸರು. ಒಬ್ಬರು ಇಲ್ಲಿ ಕೂತಿದ್ದಾರೆ, ಇನ್ನೊಬ್ಬರು ಹೊರಗೆ ನಿಂತಿದ್ದಾರೆ. ನನಗೆ ಹೆಮ್ಮೆ ಇದೆ. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ.

ಒಂದು ಮಾತು ಹೇಳಬೇಕೋ ಬೇಡವೋ ಗೊತ್ತಿಲ್ಲ, ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ಅಪ್ಪ ಹೋದ ಮೇಲೆ ಅವ್ವ ಹೂವು ಮುಡಿಯುವುದನ್ನು ಬಿಟ್ಟರು. ಬಿಟ್ಟರು ಏನು, ಬಿಡಿಸಿದರು. ನಮ್ಮ ಪದ್ಧತಿ ಹಾಗಿದೆಯಲ್ಲ. ಅವ್ವನಿಗೆ ಹೂವೆಂದರೆ ಪ್ರಾಣ. ಅವತ್ತಿನಿಂದ ಹಿತ್ತಲ ಕನಕಾಂಬರವನ್ನೆಲ್ಲ ಕಟ್ಟಿ ಶುಕ್ರವಾರ ಶುಕ್ರವಾರ ಟ್ರಾಕ್ಟರಿಗೆ ಮುಡಿಸತೊಡಗಿದರು. 'ನಂಗಂತೂ ಇಲ್ಲ, ಇವಳಾದ್ರೂ ಮುಡ್ಕಳ್ಲಿ' ಅನ್ನುತ್ತಿದ್ದರು. ಇನ್ನು ಆಯುಧಪೂಜೆ ಬಂದರೆ ಕೇಳಬೇಕೇ? ಟ್ರಾಕ್ಟರು ಕಾಣುತ್ತಿರಲಿಲ್ಲ, ಬರೀ ಹೂವೇ ಕಾಣುತ್ತಿತ್ತು. ಅವ್ವ ಅದರ ಎದುರು ನಿಂತು ತಾವೇ ಮುಡಿದವರ ಹಾಗೆ ನಗುತ್ತಿದ್ದರು.

ಹೀಗಿರುವಾಗ ಅಲ್ಲಿ ಯುದ್ಧ ಶುರುವಾಯಿತು. ರಷ್ಯಾಕ್ಕೂ ಪಕ್ಕದ ಉಕ್ರೇನಿಗೂ. ಆ ಸುದ್ದಿ ಟಿವಿಯಲ್ಲಿ ಬಂದ ಬೆಳಿಗ್ಗೆ ನಾನು ಹಾಲು ಹಾಕುವುದಕ್ಕೆ ಡೇರಿಗೆ ಹೋದರೆ, ಕ್ಯೂನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ, 'ಏನ್ಲಾ ಕಿಟ್ಟಿ, ನಿಮ್ಮೋರು ನುಗ್ಗುಬುಟ್ರಂತೆ!' ಅಂದರು. ನಿಮ್ಮೋರು! ನಾನು ಬೆಳ್ಳೂರು ಕ್ರಾಸ್ ದಾಟಿ ಆಚೆಗೆ ನಾಲ್ಕು ಸಲ ಹೋಗಿದ್ದರೆ ಹೆಚ್ಚು. ಆದರೆ ಹೆಸರು ಬಿದ್ದಿದೆಯಲ್ಲ, ಬಿಟ್ಟುಕೊಡುವುದು ಹೇಗೆ? 'ನುಗ್ಗದೆ ಇನ್ನೇನು' ಎಂದು ಮೀಸೆ ತಿರುವಿದೆ. ಅಷ್ಟೇ ಸಾಕಾಯಿತು. ನಮ್ಮ ಮಹದೇವಸ್ವಾಮಿಯವರು ಆ ನಿಮಿಷದಿಂದಲೇ ಉಕ್ರೇನ್ ಕಡೆ. ಅದು ಭೂಪಟದಲ್ಲಿ ಎಲ್ಲಿದೆ ಎಂದು ಆಗ ಇವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಡೇರಿಯಲ್ಲಿ ಎರಡು ಪಾರ್ಟಿ ಆದವು. ದಿನಾ ಬೆಳಿಗ್ಗೆ ಪೇಪರು ಬರುತ್ತಿದ್ದ ಹಾಗೆ, ಇವತ್ತು ಯಾರು ಎಷ್ಟು ಮುಂದೆ ಹೋದರು, ಯಾವ ಸೇತುವೆ ಬಿತ್ತು, ಎಷ್ಟು ಟ್ಯಾಂಕು ಸುಟ್ಟವು, ಕಬಡ್ಡಿ ಮ್ಯಾಚಿನ ಹಾಗೆ ಕೂಗಾಡಿದೆವು. 'ಗೆದ್ವಿ ಕಣ್ಲಾ' ಎಂದು ನಾನು. 'ಎಲ್ಲಿ ಗೆದ್ರಿ, ಓಡ್ಬಂದ್ರಿ' ಎಂದು ಇವರು. ಹಾಲಿನ ಡಿಗ್ರಿ ನೋಡುವ ಸೆಕ್ರೆಟರಿ ತಲೆ ಕೆಟ್ಟು ಒಂದು ದಿನ ನನ್ನ ಹಾಲನ್ನು ಇವರ ಹೆಸರಿಗೆ ಬರೆದುಬಿಟ್ಟ. ಆವತ್ತು ನಿಜವಾದ ಯುದ್ಧ ಆಯಿತು.

ಒಂದು ಬೆಳಿಗ್ಗೆ ನಾನು ಡೇರಿಯಿಂದ ಹೀಗೇ ಗೆದ್ದುಕೊಂಡು ಮನೆಗೆ ಬಂದೆ. ಅವ್ವ ಅವರೆಕಾಯಿ ಸುಲಿಯುತ್ತ ಟಿವಿ ಮುಂದೆ ಕೂತಿದ್ದರು. ಖಾರ್ಕಿವ್ ಎಂಬ ಊರು ತೋರಿಸುತ್ತಿದ್ದರು. ಅಲ್ಲಿಯ ಟ್ರಾಕ್ಟರ್ ಕಾರ್ಖಾನೆಯ ಮೇಲೆ ಬಾಂಬು ಬಿದ್ದು ದೊಡ್ಡ ಬೆಂಕಿ, ಕಪ್ಪು ಹೊಗೆ. ಅದರ ಪಕ್ಕದಲ್ಲೇ ಆ ಊರಿನ ಹಳೇ ಕಾಲದ ಕಪ್ಪುಬಿಳುಪು ಚಿತ್ರ ಬಂತು, ಕಾರ್ಖಾನೆಯ ಗೇಟಿನಿಂದ ಹೊಸ ಟ್ರಾಕ್ಟರುಗಳು ಸಾಲಾಗಿ ಹೊರಗೆ ಬರುತ್ತಿದ್ದವು. ಅವ್ವನ ಮಡಿಲಲ್ಲಿದ್ದ ಕಾಯೆಲ್ಲ ನೆಲಕ್ಕೆ ಬಿದ್ದವು. 'ಲೇ ಕಿಟ್ಟಿ, ನಮ್ಮೋಳು ಕಣ್ಲಾ ಅದು! ಮೂತಿ ನೋಡ್ಲಾ!'

ನಾನು ನೋಡಿದೆ. ಅದೇ ಮೂತಿ, ಅದೇ ಸಣ್ಣ ಕಣ್ಣು, ಅದೇ ಉದ್ದ ಹೊಗೆಕೊಳವೆ. ನಮ್ಮವಳದೇ ಅಚ್ಚು. ನನ್ನ ಮಗಳು ಸುಮ ಫೋನು ಹಿಡಿದುಕೊಂಡು ಕೊಟ್ಟಿಗೆಗೆ ಓಡಿದಳು. ಇಂಜಿನ್ನಿನ ಮಗ್ಗುಲಲ್ಲಿ ಎರಕ ಹೊಯ್ದಿದ್ದ ಅಕ್ಷರಗಳನ್ನು ಫೋನಿಗೆ ತೋರಿಸಿ ಓದಿಸಿಕೊಂಡು ಬಂದು, 'ಹೂಂ ಅಜ್ಜಿ, ಇದೇ ಊರು' ಅಂದಳು. ಅಷ್ಟು ವರ್ಷ ರಷ್ಯಾದವರು ಎಂದು ಮೆರೆದ ಮನೆ, ನಮ್ಮ ಟ್ರಾಕ್ಟರಿನ ಊರು ಇರುವುದು ಉಕ್ರೇನಿನಲ್ಲಿ! ಮಹದೇವಸ್ವಾಮಿಗೆ ಹೇಗೆ ಮುಖ ತೋರಿಸಲಿ ಎನ್ನುವುದು ನನ್ನ ಚಿಂತೆ. ಅವ್ವನ ಚಿಂತೆ ಅದಾಗಿರಲಿಲ್ಲ. ಅವರು ಟಿವಿಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದರು. 'ಡೇರೀಲಿ ಗೆದ್ವಿ ಗೆದ್ವಿ ಅಂತ ಕೂಗ್ತಿದ್ಯಲ್ಲ, ಇದ್ನಾ ಮಗ?'

ನಾನು ಬಗ್ಗಿ ನೆಲಕ್ಕೆ ಬಿದ್ದಿದ್ದ ಅವರೆಕಾಯಿ ಆಯತೊಡಗಿದೆ.

ಸುದ್ದಿ ಮುಟ್ಟಿದ್ದೇ ತಡ, ನಮ್ಮ ಅಧ್ಯಕ್ಷರು ಹಲ್ಲು ಕಿರಿದುಕೊಂಡು ಮನೆಗೇ ಬಂದರು. 'ಬೀರವ್ವ, ಇನ್ಮೇಲೆ ನೀವೂ ನಮ್ ಪಾರ್ಟಿ ಕಣವ್ವ' ಅಂದರು. ಅವ್ವ ಇವರ ಕೈಗೆ ಕಾಫಿ ಲೋಟ ಕೊಟ್ಟು, 'ನೆಂಟರ ಮನೇಲಿ ಎಣ ಬಿದ್ದಿರುವಾಗ ಪಾರ್ಟಿ ಮಾತಾಡ್ತೀಯಲ್ಲೋ ಮಾದೇವ. ಅತ್ತ ಕಡೆಯಿಂದ ಬಂದಿರೋ ಐಕ್ಳಿಗೂ ಅವ್ವಂದಿರು ಇಲ್ವೇನೋ? ಕುಡ್ದು ಓಗು' ಅಂದರು. ಇವರು ಪೂರ್ತಿ ಕುಡಿಯದೆ ಎದ್ದು ಹೋದರು. ಹೌದೋ ಅಲ್ಲವೋ ಅಧ್ಯಕ್ಷರೇ? ತಲೆ ಆಡಿಸುತ್ತಿದ್ದಾರೆ.

ಆ ವರ್ಷ ಆಯುಧಪೂಜೆ ಬಂತು. ನಾನು ಎಂದಿನಂತೆ ಬೆಳಿಗ್ಗೆಯೇ ಟ್ರಾಕ್ಟರು ತೊಳೆದು, ಮಾರು ಮಾರು ಸೇವಂತಿಗೆ ತಂದು, ಬೂದುಗುಂಬಳ ಇಟ್ಟುಕೊಂಡು ಅವ್ವನನ್ನು ಕರೆದೆ. ಅವ್ವ ಬಂದು ಹೂವಿನ ಬುಟ್ಟಿಗೆ ಕೈ ಅಡ್ಡ ಹಿಡಿದರು.

'ತವರು ಉರೀತಾ ಇರುವಾಗ ಸೊಸೆಗೆ ಊವ ಮುಡಿಸ್ತೀಯೇನ್ಲಾ?'

ಸಭಿಕರೇ, ನೀವು ಹೇಳಿ. ನಮ್ಮಲ್ಲಿ ಯಾರ ಮನೆಯಲ್ಲಾದರೂ ಮುಡಿಸುತ್ತಾರೆಯೇ? ಸೊಸೆಯ ತವರಲ್ಲಿ ಕೇಡಾಯಿತು ಎಂದರೆ ನಾವು ಹಬ್ಬ ಬಿಡುವುದಿಲ್ಲವೇ? ಅಕ್ಕಿಬೇಳೆ ಹೊತ್ತುಕೊಂಡು ಹೋಗಿ ಅವರ ಜೊತೆ ಕೂತು ಬರುವುದಿಲ್ಲವೇ? ಇವಳ ತವರಿಗೆ ಹೋಗಿ ಕೂರುವಂತಿಲ್ಲ, ದಾರಿ ದೂರ. ಬಿಡುವುದು ಏನಿದೆಯೋ ಅದನ್ನಾದರೂ ಬಿಡೋಣ ಎಂದರು ನಮ್ಮವ್ವ. ಅವತ್ತು ದೀಪ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಅದರ ಮುಖ ಒರೆಸಿ, ಸುಮ್ಮನೆ ಅದರ ಪಕ್ಕದಲ್ಲಿ ಕೂತರು. ಅಷ್ಟೇ ಪೂಜೆ. ತಮಗಿಲ್ಲದ ಹೂವನ್ನು ಅದಕ್ಕೆ ಮುಡಿಸಿ ನಗುತ್ತಿದ್ದ ಹೆಂಗಸು ಅದನ್ನೂ ಬಿಟ್ಟುಕೊಟ್ಟರು. ನನಗೆ ಆವತ್ತು ಅಳು ಬಂತು. ಈಗಲೂ ಬರುತ್ತಿದೆ, ಕ್ಷಮಿಸಿ. ಯಾರಾದರೂ ನೀರು ಕೊಡಿ.

ಅಲ್ಲಿಂದ ಈಚೆಗೆ ಎಷ್ಟು ಆಯುಧಪೂಜೆ ಹೋದವು, ನಮ್ಮ ಟ್ರಾಕ್ಟರು ಹೂವು ಕಂಡಿಲ್ಲ. ನಾನು ದಿನಾ ಡೇರಿಯಿಂದ ಬರುವುದನ್ನೇ ಅವ್ವ ಜಗಲಿಯಲ್ಲಿ ಕಾಯುತ್ತಾರೆ. ಹಾಲು ಎಷ್ಟಾಯಿತು ಎಂದು ಕೇಳುವುದಿಲ್ಲ. 'ನಿಂತ್ತೇನ್ಲಾ?' ಅನ್ನುತ್ತಾರೆ. 'ಇಲ್ಲ ಕಣವ್ವ' ಅನ್ನುತ್ತೇನೆ. 'ಇವತ್ತು ಎಲ್ಲಿ?' ಅನ್ನುತ್ತಾರೆ. ಕರೆಂಟಿನ ಮನೆ ಒಡೆದರು, ಆಸ್ಪತ್ರೆ ಮೇಲೆ ಬಿತ್ತು, ಚಳಿಯಲ್ಲಿ ಜನ ನೆಲಮಾಳಿಗೆಯಲ್ಲಿದ್ದಾರೆ, ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಅವ್ವ ಎದ್ದು ಹೋಗಿ ಬಾನೆಟ್ಟಿನ ಮೇಲೆ ಒಂದು ಸಲ ಕೈ ಇಟ್ಟು ಬಂದು ಆಮೇಲೆ ಮುದ್ದೆಗೆ ಕೂರುತ್ತಾರೆ. ನಮ್ಮೂರ ಡೇರಿಯಲ್ಲಿ ಈಗ ಪಾರ್ಟಿ ಇಲ್ಲ ಸ್ವಾಮಿ. ಪೇಪರು ಬಂದರೆ ನಾನೂ ಮಹದೇವಸ್ವಾಮಿಯೂ ಒಟ್ಟಿಗೆ ತಲೆ ಬಗ್ಗಿಸಿ ಹುಡುಕುವುದು ಒಂದೇ ಸುದ್ದಿ. ಎಂಥೆಂಥ ದೊಡ್ಡ ದೊಡ್ಡವರ ಮಾತುಕತೆ, ಸಂಧಾನ, ಸಭೆ! ನಮ್ಮ ಹಾಲಿನ ಕ್ಯೂ ಅದೆಲ್ಲವನ್ನೂ ಓದುತ್ತದೆ. ನನ್ನ ಊರಿನ ಬಗ್ಗೆ ನನಗೆ ಹೆಮ್ಮೆಯಾಗುವುದು ಇದಕ್ಕೇ.

ಅಲ್ಲಿಯವರ ಒಂದು ಹಬ್ಬಕ್ಕೆ ಸ್ವಲ್ಪ ಹೊತ್ತು ಯುದ್ಧ ನಿಲ್ಲಿಸುತ್ತಾರಂತೆ ಎಂದು ಒಮ್ಮೆ ಸುದ್ದಿ ಬಂತು. ನಾನಿನ್ನೂ ಪೇಪರು ಮಡಚುತ್ತಿದ್ದೆ, ನಮ್ಮ ಅಧ್ಯಕ್ಷರು ಬೈಕು ಹತ್ತಿ ಕಿಕ್ಕೇರಿಗೆ ಬಂದು, ಮಾರುದ್ದ ಕನಕಾಂಬರ ಕೊಂಡು, ಅಂಗಿ ಬಟನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದಾರೆ ಎಂಬ ಪರಿವೆಯೂ ಇಲ್ಲದೆ ನಮ್ಮ ಕೊಟ್ಟಿಗೆಗೆ ನುಗ್ಗಿದರು. 'ಬೀರವ್ವ, ನಿಂತೋಯ್ತು! ತಗೊ ಮುಡ್ಸು!' ಅಂದರು. ಅವ್ವನ ಮುಖ ಅರಳಿತು. ಹೂವು ಕೈಗೆ ತಗೊಂಡು ಮೂಸಿದರು. ಮೂಸಿ, 'ಒತ್ತಾರೆ ಆಗ್ಲಿ ಇರು ಮಾದೇವ, ಇನ್ನೊಂದ್ ದಿನ ನೋಡುವ' ಎಂದು ಗೋಡೆಯ ಮೊಳೆಗೆ ನೇತುಹಾಕಿದರು. ಹೊತ್ತಾರೆ ಪೇಪರಿನಲ್ಲಿ ಮತ್ತೆ ಅದೇ ಸುದ್ದಿ. ಆ ಹೂವು ಅಲ್ಲೇ ಒಣಗಿತು. ಇವತ್ತಿಗೂ ಮೊಳೆಯಲ್ಲೇ ಇದೆ, ತೆಗೆಯಲು ಅವ್ವ ಬಿಟ್ಟಿಲ್ಲ. ಇಂಥ ಮನುಷ್ಯ ಅಧ್ಯಕ್ಷನಾಗಿರುವ ಸಂಘದಿಂದ ಸನ್ಮಾನ ಮಾಡಿಸಿಕೊಳ್ಳುತ್ತಿದ್ದೇನೆ. ಮುಂದಿನ ಚುನಾವಣೆಯಲ್ಲಿ ಮತ್ತೆ ಇವರ ಎದುರೇ ನಿಲ್ಲುತ್ತೇನೆ, ಅದು ಬೇರೆ ವಿಷಯ.

ಹೋದ ತಿಂಗಳು ಅವ್ವನಿಗೆ ಎದೆನೋವು ಬಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ನನ್ನನ್ನು ಆಚೆ ಕರೆದು ಹೇಳಬೇಕಾದದ್ದನ್ನು ಹೇಳಿದರು. ಒಳಗೆ ಬಂದರೆ ಅವ್ವ, 'ಅವರೇನಂದ್ರು ಬುಡು, ಪೇಪರಲ್ಲಿ ಏನಂದ್ರು?' ಅಂದರು. 'ಇಲ್ಲ ಕಣವ್ವ' ಅಂದೆ. ಆಗ ನನ್ನ ಕೈ ಹಿಡಿದುಕೊಂಡು, 'ನಾನ್ ಓದ್ಮೇಲೆ ನಿಂತ್ರೆ, ನೀನೇ ಅವಳಿಗೆ ಊವ ಮುಡ್ಸು. ಮುಡಿಸ್ಬುಟ್ಟು ನನ್ ಸಮಾದಿ ತಾವ ಬಂದು, ನಿಂತ್ತು ಕಣವ್ವ ಅಂತ ಜೋರಾಗಿ ಕೂಗ್ಬುಡು. ಕೇಳ್ಸ್ತದೆ' ಅಂದರು.

ಈ ಮಾತು ನಾನು ಇಲ್ಲಿ ಹೇಳಬಾರದಿತ್ತು. ಅವ್ವ ಅಲ್ಲಿಂದಲೇ ಕೈ ಬೀಸುತ್ತಿದ್ದಾರೆ, ಸಾಕು ಬಾ ಎಂದು. ಬಂದೆ ಕಣವ್ವ, ಮುಗೀತು.

ಮೇಡಂ, ಇವತ್ತು ಬೆಳಿಗ್ಗೆಯೂ ನಾನು ಪೇಪರು ನೋಡಿಯೇ ಹೊರಟದ್ದು. ನಿಂತಿಲ್ಲ. ಆದ್ದರಿಂದ ಆ ಹಾರ ಅಲ್ಲೇ ಮೇಜಿನ ಮೇಲೆ ಇರಲಿ. ತಾವು ಬರಿಗೈಯಲ್ಲೇ ಹೊರಗೆ ಬನ್ನಿ. ಕೇಡಾದ ಮನೆಯ ಹೆಣ್ಣುಮಗಳ ಹತ್ತಿರ ಹೋದರೆ ನಾವೇನು ಮಾಡುತ್ತೇವೆ? ಮಾತಾಡುವುದಿಲ್ಲ, ಬೆನ್ನ ಮೇಲೆ ಕೈ ಇಡುತ್ತೇವೆ. ಹಾಗೆ ಒಂದು ಸಲ ಬಾನೆಟ್ಟಿನ ಮೇಲೆ ಕೈ ಇಡಿ. ನಮ್ಮ ಮನೆಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಡ.

ಈ ಶಾಲು ಹೊದಿಸಿದ ಸಂಘಕ್ಕೆ, ದೊಡ್ಡ ಮನಸ್ಸಿನಿಂದ ಕೇಳಿದ ಮೇಡಂ ಅವರಿಗೆ, ಪಾಪ ಅಷ್ಟು ಚೆನ್ನಾಗಿ ಹಾರ ಕಟ್ಟಿದ ಕೆ.ಆರ್. ಪೇಟೆಯ ಹೂವಿನವರಿಗೆ, ಹಸಿದುಕೊಂಡೂ ಎದ್ದು ಹೋಗದ ನಿಮಗೆಲ್ಲರಿಗೂ ನಾನು ಋಣಿ. ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ನಾಳೆ ಬೆಳಿಗ್ಗೆ ಎದ್ದು ಪೇಪರು ನೋಡಿ. ನಾಳಿದ್ದೂ ನೋಡಿ. ನಿಂತಿದೆ ಎಂದು ಯಾವ ದಿನ ಬರುತ್ತದೋ ಆ ದಿನ ನನಗೆ ಫೋನು ಮಾಡಬೇಡಿ. ಹಿತ್ತಲಲ್ಲಿ ಇರುವ ಹೂವು ಕೊಯ್ದುಕೊಂಡು ಎಲ್ಲರೂ ಸೀದಾ ನಮ್ಮ ಮನೆಗೆ ಬಂದುಬಿಡಿ. ಹೂವು ಇಬ್ಬರಿಗಾಗುವಷ್ಟು ತನ್ನಿ. ಆವತ್ತು ಟ್ರಾಕ್ಟರಿಗೆ ಮುಡಿಸಿ ಉಳಿದದ್ದನ್ನು ನಮ್ಮವ್ವನ ತಲೆಗೆ ನಾನೇ ಮುಡಿಸುತ್ತೇನೆ, ಯಾರು ಬೇಡ ಅಂತಾರೋ ನೋಡೋಣ.

ಬೇಗ ನಿಲ್ಲಲಿ. ಅವ್ವ ಜಗಲಿಯಲ್ಲಿ ಕೂತಿರುವಾಗಲೇ ನಿಲ್ಲಲಿ.

ನಮಸ್ಕಾರ.